ಕುಡಗೋಲ್ಯಾನ ಎಡಗಿವಿ

ಮೂಡಲಗಿಯ ಕೊಂಡವಾಡಕ್ಕೆ ಕುಡಗೋಲ್ಯಾ ಮೊದಲ ಸಲ ಬಂದಾಗ ಅವನನ್ನು ಯಾರೂ ಎಳೆದುಕೊಂಡು ಬಂದಿರಲಿಲ್ಲ. ತಾನಾಗಿ ನಡೆದು ಬಂದು ಬಾಗಿಲ ಮುಂದೆ ನಿಂತ. ಬಾಯಲ್ಲಿ ಇನ್ನೂ ಶೇಂಗಾ ಬಳ್ಳಿ ಜೋತಾಡುತ್ತಿತ್ತು.

“ಅಲ್ಲಪ್ಪ ಅಂದ್ರ ನೀನ ಏನೋ?”

“ಹೌದು. ಯಾಕ?” ಎಂದರು ನಮ್ಮವರು, ನನ್ನ ಯಜಮಾನರು.

“ಶಿದ್ಲಿಂಗಪ್ಪನ ಶೇಂಗಾ ತಿಂದೇನಿ. ಅವ ಬಡಿಗಿ ತಗೊಂಡು ಹಿಂದ ಬರಾಕತ್ತಾನ. ಬಾಗಲಾ ತಗಿ. ಒಳಗ ಇದ್ದಾವನ್ನ ಹೊರಗಿನವರು ಹೊಡಿಯೂ ಹಂಗಿಲ್ಲಂತ, ಖರೆ ಹೌದಲ್ಲೊ?”

ನಮ್ಮವರಿಗೆ ನಗು ಬಂತು. ಹದಿನೈದು ವರ್ಷ ಕೊಂಡವಾಡ ಕಾಯ್ದವರು ಅವರು. ಹೊರಗೆ ಬಿಡ್ರಿ ಎಂದು ಗೋಗರೆಯುವ ಎತ್ತು, ಎಮ್ಮೆ, ಕತ್ತೆಗಳನ್ನು ಕಂಡಿದ್ದರು. ಒಳಗೆ ಬಿಡು ಎಂದವನನ್ನು ಕಂಡಿರಲಿಲ್ಲ. ಬಾಗಿಲು ತೆರೆದರು. ಶಿದ್ಲಿಂಗಪ್ಪ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಹೋತ ಗೋಡೆಗೆ ಆತು ಕೂತು ಮೆಲುಕು ಹಾಕುತ್ತಿದ್ದ.

ನಾವೆಲ್ಲ ಮೊದಲ ಸಲ ಓಟು ಹಾಕಿದ ವರ್ಷದ ಮಾತಿದು. ಆಗ ಕೊಂಡವಾಡವೆಂದರೆ ದನಗಳ ಜೇಲು. ಎದೆಮಟ್ಟದ ಕಲ್ಲಿನ ಗೋಡೆ, ಒಂದು ಬೇವಿನ ಮರ, ಒಂದು ಕಲ್ಲಿನ ದೋಣಿ, ಅದರಲ್ಲಿ ನೀರು. ಪರರ ಬೆಳೆ ತಿಂದವರನ್ನು ತಂದು ಅಲ್ಲಿ ಕೂಡುತ್ತಿದ್ದರು. ಮಾಲೀಕ ಬಂದು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಎಂಟು ದಿನ ಯಾರೂ ಬರದಿದ್ದರೆ ಡಂಗುರ ಸಾರಿ ಲಿಲಾವು, ಹರಾಜು. ಕೊಂಡವನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹೆಚ್ಚಾಗಿ ಕೊಳ್ಳುತ್ತಿದ್ದವನು ಹುಕ್ಕೇರಿ ಸಂತೆಯ ದಲ್ಲಾಳಿ ಉದ್ದಪ್ಪ. ಅವನ ಹಿಂದೆ ಹೋದವರು ಯಾರೂ ತಿರುಗಿ ಬಂದು ಸುದ್ದಿ ಹೇಳಿದ್ದಿಲ್ಲ.

ನಮ್ಮ ಅಡಿಗೆಮನೆಯ ಹಿಂದಿನ ಗೋಡೆಯೂ ಕೊಂಡವಾಡದ ಗೋಡೆಯೂ ಒಂದೇ. ಒಲೆಯ ಬಾಜೂಕೆ ಒಂದು ಕಲ್ಲು ಉದುರಿ ಬೊಗಸೆಯಷ್ಟು ಸಂದಿ ಆಗಿತ್ತು. ಕುಡಗೋಲ್ಯಾ ಬಂದ ದಿನವೇ ಆ ಸಂದಿಯ ಮುಂದಿನ ಜಾಗ ಹಿಡಿದ. ಎಡ ಮಗ್ಗುಲು ಗೋಡೆಗೆ, ಬಲ ಮಗ್ಗುಲು ಲೋಕಕ್ಕೆ. ಐದಾರು ವರ್ಷದಲ್ಲಿ ಒಂದು ದಿನವೂ ಅವನು ಮಗ್ಗುಲು ಬದಲಿಸಿ ಕೂತಿದ್ದನ್ನು ನಾನು ಕಾಣಲಿಲ್ಲ. ದೊಡ್ಡವರ ಗತ್ತು ಎಂದು ಉಳಿದವರು ತಿಳಿದರು. ನಾನೂ ಹಾಗೇ ತಿಳಿದಿದ್ದೆ. ರೊಟ್ಟಿ ತಟ್ಟುತ್ತ ಅವನ ಪಿಸುಮಾತೂ ನನಗೆ ಕೇಳುತ್ತಿತ್ತು.

ಅವನ ಎಡಗೊಂಬು ಕುಡಗೋಲಿನ ಹಾಗೆ ಒಳಬಾಗಿತ್ತು. ಅದಕ್ಕೇ ಆ ಹೆಸರು. ಕೊರಳಲ್ಲಿ ಅರಿಷಿಣದ ದಾರ. ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನ ಕುರುಬರ ಖಂಡೆಪ್ಪ ತನ್ನ ಹಟ್ಟಿಯ ಲಗಮವ್ವನಿಗೆ ಹರಕೆ ಬಿಟ್ಟ ಹೋತ ಅವನು. ದೇವಿಯ ಹೋತವನ್ನು ಲಿಲಾವಿನಲ್ಲಿ ಕೂಗುವ ಎದೆ ಯಾರಿಗಿದೆ? ಉದ್ದಪ್ಪನಂಥ ಉದ್ದಪ್ಪನೂ ದಾರ ಕಂಡು ಎರಡು ಹೆಜ್ಜೆ ಹಿಂದೆ ಸರಿದ. ದೇವರಿಗೆ ಬಿಟ್ಟ ಪ್ರಾಣಿಯನ್ನು ಯಾರೂ ಕೂಗದಿದ್ದರೆ ಬಿಟ್ಟುಬಿಡಬೇಕು ಎಂದು ಗೋಕಾಕದ ಕಚೇರಿಯಿಂದ ಬಂದ ಕಾಗದದಲ್ಲಿತ್ತು. ನಮ್ಮವರು ಬಾಗಿಲು ತೆರೆದರು. ಕುಡಗೋಲ್ಯಾ ಮೈ ನೆಕ್ಕಿಕೊಂಡು ನಿಧಾನಕ್ಕೆ ಹೊರಟ.

“ಎಲ್ಲಿಗೆ ಹೋಗ್ತಿ?” ಎಂದು ಕೇಳಿದರು ನಮ್ಮವರು.

“ಶಿದ್ಲಿಂಗಪ್ಪನ ಹೊಲಕ್ಕ. ಸಂಜಿಕ ಬರ್ತೇನಿ. ನನ್ನ ಜಾಗಾ ಯಾರಿಗೂ ಕೊಡಬ್ಯಾಡ.”

ಹೀಗೆ ಅವನು ಹೋಗುತ್ತ ಬರುತ್ತ ಅಲ್ಲಿಯ ಯಜಮಾನನಾದ. ಉಳಿದವರಿಗೆ ಅದು ಎಂಟು ದಿನದ ಜೇಲು. ಅವನಿಗೆ ಅದು ಮನೆ.

ಯಜಮಾನಿಕೆ ಅಂದರೆ ಹಾಯುವುದಲ್ಲ, ಗುದ್ದುವುದಲ್ಲ. ಗುದ್ದುವುದಕ್ಕೆ ಅವನು ಬೇರೆಯವರನ್ನು ಇಟ್ಟಿದ್ದ. ಅರಭಾವಿಯ ಮಾಯಪ್ಪನ ಟಗರು ಗುಂಡ್ಯಾ, ವರ್ಷಕ್ಕೆ ನಾಲ್ಕು ಸಲ ಒಳಗೆ ಬರುವವನು. ಹಣೆ ಕಲ್ಲು, ಮನಸ್ಸು ಬೆಣ್ಣೆ. ಸುದ್ದಿ ತರುವುದಕ್ಕೆ ಅಗಸರ ಕೆಂಚವ್ವನ ಕತ್ತೆ ಇದ್ದಳು. ಅವಳು ಕೊಂಡವಾಡಕ್ಕೂ ಹಳ್ಳಕ್ಕೂ ಸರಿಯಾಗಿ ಅಡ್ಡಾಡಿದವಳು. ಊರಿನಲ್ಲಿ ಯಾರ ಮನೆಯ ಸೀರೆಗೆ ಯಾಕೆ ಕಲೆ ಎನ್ನುವುದು ಅವಳಿಗೆ ಗೊತ್ತು. ಇವರಿಬ್ಬರು ಎಡಕ್ಕೆ ಬಲಕ್ಕೆ, ನಡುವೆ ಕುಡಗೋಲ್ಯಾ.

ಹೊಸಬರು ಬಂದ ಕೂಡಲೇ ಕತ್ತೆ ಕಟ್ಟಳೆ ಹೇಳುತ್ತಿದ್ದಳು. ನಿನ್ನ ಮನೆಯಿಂದ ಮೇವು ಬಂದರೆ ಮೊದಲ ಹಿಡಿ ಅಣ್ಣನಿಗೆ. ನೀರಿಗೆ ಹೋಗುವುದು ಅಣ್ಣ ಹೇಳಿದ ಸರತಿಯಂತೆ. ಒಮ್ಮೆ ಗೌಡರ ಎಮ್ಮೆ ಬಂತು. ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

“ನಾ ಗೌಡರ ಎಮ್ಮಿ. ಆಡಿನ ಮುಂದ ಕಣಕಿ ಇಡೂ ಮಂದಿ ಅಲ್ಲ ನಾವು.”

ಗುಂಡ್ಯಾ ಹಣೆ ತಗ್ಗಿಸಿದ. ಕುಡಗೋಲ್ಯಾ ಅವನನ್ನು ತಡೆದ. “ಬಿಡೊ. ಅಕ್ಕಾರ ದೊಡ್ಡ ಮಂದಿ. ಅವರ್ನ ಕಡೀಕ ನೀರಿಗೆ ಕಳಸೂಣು. ದೊಡ್ಡವ್ರು ಯಾವತ್ತೂ ಕಡೀಕ ಬರೂದ ಚೆಂದ.”

ಅಂದು ಹದಿನೆಂಟು ಬಾಯಿ ದೋಣಿಗೆ ಬಿದ್ದ ಮೇಲೆ ಎಮ್ಮೆಯ ಸರತಿ ಬಂತು. ದೋಣಿಯ ತಳದಲ್ಲಿ ಪಾಚಿ ಮಾತ್ರ. ಮರುದಿನವೂ ಅಷ್ಟೇ. ಮೂರನೆಯ ದಿನ ಗೌಡರ ಎಮ್ಮೆ ತಾನೇ ಜೋಳದ ಕಣಿಕೆ ಕಚ್ಚಿಕೊಂಡು ಬಂದು ಅವನ ಮುಂದಿಟ್ಟಳು. ಒಬ್ಬರೂ ಅವಳನ್ನು ಮುಟ್ಟಿರಲಿಲ್ಲ.

ತೆಗೆದುಕೊಂಡದ್ದಕ್ಕೆ ಅವನು ಕೊಡುತ್ತಲೂ ಇದ್ದ, ಸುಳ್ಳು ಹೇಳಬಾರದು. ಲಿಲಾವಿನ ದಿನ ಹೇಗೆ ಕುಂಟಬೇಕು, ಎಷ್ಟು ಕೆಮ್ಮಬೇಕು, ನಾಲಿಗೆ ಎಷ್ಟು ಹೊರಗೆ ಚಾಚಿದರೆ ಬೇನೆ ಎಂದು ತಿಳಿಯುತ್ತಾರೆ, ಎಲ್ಲ ಕಲಿಸುತ್ತಿದ್ದ. ಬೇನೆಯ ಪ್ರಾಣಿಯನ್ನು ಯಾರೂ ಕೂಗುವುದಿಲ್ಲ. ಮತ್ತೆ ಎಂಟು ದಿನ ಸಿಗುತ್ತದೆ. ಅಷ್ಟರಲ್ಲಿ ಮಾಲೀಕ ಬರುತ್ತಾನೆ. ಅವನಿಂದ ಉಳಿದ ಜೀವಗಳು ಎಷ್ಟೋ.

ಕಲಿಸದೆ ಬಿಟ್ಟದ್ದೂ ಉಂಟು. ಒಂದು ಸಲ ಕಂದು ಹೋರಿ ಬಂದಿತ್ತು. ಒಳ್ಳೆ ಹರೆಯ. ಮೂರು ದಿನದಲ್ಲಿ ಅರ್ಧ ಮಂದಿಯನ್ನು ತನ್ನ ಕಡೆ ಮಾಡಿಕೊಂಡಿತು. “ಈ ಮುದುಕ ಹೋತಗ ಯಾಕ ಅಂಜತೀರಿ?” ಎಂದು ಎಲ್ಲರ ಮುಂದೆ ಕೇಳಿತು. ಕುಡಗೋಲ್ಯಾ ಸಿಟ್ಟಾಗಲಿಲ್ಲ. ಲಿಲಾವಿನ ಮುಂಜಾನೆ ಹೋರಿಯ ಹತ್ತಿರ ಹೋಗಿ ತಮ್ಮಾ ಎಂದು ಕರೆದ.

“ತಮ್ಮಾ, ಇವತ್ತ ಮಂದಿ ನೋಡಾಕ ಬರತಾರ. ಕುಂಟೂದು ಕೆಮ್ಮೂದು ಕೈಲಾಗದಾವರ ಕೆಲಸ. ನೀ ಎದಿ ಎತ್ತಿ ನಿಂದರು. ಕಾಲಿಲೆ ನೆಲಾ ಕೆದರು. ಇವ ಕೈಗೆ ಹತ್ತಾಂವಲ್ಲ ಅಂತ ಅಂಜಿ ಹೋಗತಾರ.”

ಹೋರಿ ಎದೆ ಎತ್ತಿ ನಿಂತಿತು. ನೆಲ ಕೆದರಿತು. ಉದ್ದಪ್ಪ ಮೊದಲ ಕೂಗಿಗೇ ಕೊಂಡ. ಬಾಗಿಲು ದಾಟುವಾಗ ಹೋರಿ ತಿರುಗಿ ನೋಡಿದ್ದು ನನಗೆ ನೆನಪಿದೆ. ಕುಡಗೋಲ್ಯಾ ಮೆಲುಕು ಹಾಕುತ್ತಿದ್ದ.

“ಅಣ್ಣಾ, ಅಂವ ನಿನ್ನ ನಂಬಿದ್ನಲ್ಲೊ,” ಎಂದ ಗುಂಡ್ಯಾ.

“ನಂಬಿದ್ದು ಅವನ ತಪ್ಪು. ನಾನೂ ಒಮ್ಮೆ ನಂಬಿದ್ದೆ.”

ಅವನು ನಂಬಿದ್ದು ಯಾರನ್ನು ಎನ್ನುವುದನ್ನು ಆಮೇಲಾಮೇಲೆ ಸಂದಿಯಿಂದ ಒಂದೊಂದೇ ಮಾತಾಗಿ ಕೇಳಿದೆ. ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅವನು. ಖಂಡೆಪ್ಪನ ಹೆಂಡತಿ ಯಲ್ಲಕ್ಕ ಬೆರಳನ್ನು ಹಾಲಿಗೆ ಅದ್ದಿ ಅದ್ದಿ ಚೀಪಿಸಿ ಬದುಕಿಸಿದಳು. ಕಂಬಳಿಯೊಳಗೆ ತನ್ನ ಮಗ್ಗುಲಲ್ಲೇ ಮಲಗಿಸಿದಳು. ಮಾತು ಕಲಿತಾಗ ಅವನು ಮೊದಲು ಅಂದದ್ದು ಅವ್ವಾ ಎಂದೇ. ದೊಡ್ಡವನಾದ ಮೇಲೆ ಇನ್ನೂರು ಕುರಿಯ ಹಿಂಡಿನ ಮುಂದೆ ನಡೆಯುವವನು ಅವನೇ. ಕುರಿಗಳಿಗೆ ದಾರಿ ಗೊತ್ತಿಲ್ಲ, ಮುಂದೆ ಒಂದು ಹೋತ ಬೇಕು.

ಆಮೇಲೆ ಯಲ್ಲಕ್ಕ ಜಡ್ಡಿಗೆ ಬಿದ್ದಳು. ಕಾಲು ಬಾತು ಕಂಬದಂತಾಯಿತು. ದಡ್ಡಿಯ ಹತ್ತಿರ ಹೊಳೆಯ ದಂಡೆಯಲ್ಲಿ ಹಿಂಡು ನೀರು ಕುಡಿಯುವಾಗ, ಮಟಮಟ ಮಧ್ಯಾಹ್ನ, ಖಂಡೆಪ್ಪ ಕೈ ಮುಗಿದು ನಿಂತು ಹೇಳಿದ. “ಲಗಮವ್ವಾ, ಇಕಿನ್ನ ಉಳಸು. ಇಕಿ ಹಾಲ ಕುಡಿಸಿದ ಹೋತಾ ನಿನಗ ಬಿಡ್ತೇನಿ.” ಹೋತ ಹತ್ತು ಮಾರು ದೂರದಲ್ಲಿತ್ತು. ನೀರಿನಿಂದ ಬಾಯಿ ಎತ್ತಿ ಆ ಮಾತು ಪೂರ ಕೇಳಿತು.

ಯಲ್ಲಕ್ಕ ಉಳಿದಳು. ಇನ್ನು ಹರಕೆ ತೀರಿಸಬೇಕು. ತೀರಿಸುವುದಕ್ಕೆ ಒಂದು ಕಟ್ಟಳೆ ಇದೆ. ಹರಕೆಯ ಹೋತದ ಬೆನ್ನ ಮೇಲೆ ತುಂಬಿದ ಕೊಡದ ನೀರು ಹಾಕಬೇಕು. ಅದು ಮೈ ಜಾಡಿಸಿದರೆ ದೇವಿ ಒಪ್ಪಿದಳು, ಒಯ್ಯಬಹುದು. ಜಾಡಿಸದಿದ್ದರೆ ಒಪ್ಪಿಲ್ಲ. ಕೊರಳಿಗೆ ಹಗ್ಗ ಹಾಕುವಂತಿಲ್ಲ, ಕಡಿಯುವಂತಿಲ್ಲ, ಮಾರುವಂತಿಲ್ಲ. ಹೋತ ಬಾಯಿಂದ ಹೂಂ ಅಂದರೂ ನಡೆಯುವುದಿಲ್ಲ, ಒಲ್ಲೆ ಅಂದರೂ ನಡೆಯುವುದಿಲ್ಲ. ಬಾಯಿ ಸುಳ್ಳು ಹೇಳುತ್ತದೆ, ಮೈ ಹೇಳುವುದಿಲ್ಲ ಎಂದು ಹಿರಿಯರು ಮಾಡಿಟ್ಟ ಪದ್ಧತಿ.

ಕುಡಗೋಲ್ಯಾ ತನ್ನ ಮೈಗೆ ಸುಳ್ಳು ಹೇಳಲು ಕಲಿಸಿದ. ಕೊಡ ನೀರು ಬಿತ್ತು, ಅವನು ಕಲ್ಲಿನಂತೆ ನಿಂತ. ಎರಡನೆಯ ಕೊಡ ಬಿತ್ತು, ನಿಂತ. ಊರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಅಂದೇ ಹಟ್ಟಿ ಬಿಟ್ಟು ನಡೆದ. ಆದರೆ ಹೊರಗಿದ್ದರೆ ಖಂಡೆಪ್ಪ ಕೊಡ ಹೊತ್ತು ಬೆನ್ನು ಹತ್ತುತ್ತಾನೆ, ಇಂದಲ್ಲ ನಾಳೆ ನಿದ್ದೆಗಣ್ಣಿನಲ್ಲಿ ಜಾಡಿಸಿಬಿಟ್ಟರೆ? ಅದಕ್ಕೇ ಜೇಲು ಹುಡುಕಿಕೊಂಡು ಬಂದ. ಕೊಂಡವಾಡದೊಳಗೆ ದಿನಾ ನೀರು ಹಾಕುತ್ತ ಕೂರಲು ನಮ್ಮವರು ಬಿಡುತ್ತಿರಲಿಲ್ಲ. “ವರ್ಷಕ್ಕೊಮ್ಮಿ, ದೀಪಾವಳಿ ಆದ ಮ್ಯಾಲೆ ಬಾ, ಖಂಡೆಪ್ಪಾ. ಒಂದ ಕೊಡಾ. ಅದರ ಮ್ಯಾಲೆ ಇಲ್ಲ,” ಎಂದು ಹೇಳಿಬಿಟ್ಟಿದ್ದರು. ಹೋತ ಲೆಕ್ಕ ಹಾಕಿಯೇ ಬಂದಿತ್ತು.

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಖಂಡೆಪ್ಪ ಬರುತ್ತಿದ್ದ.

“ಈ ವರ್ಷರೆ ಒಪ್ಪೊ ಮಗನ.”

“ನಾ ಒಪ್ಪಿದ್ರ ಏನ್ ಬಂತು ಕಾಕಾ? ಮೈ ಒಪ್ಪಬೇಕಲ್ಲ. ಹಾಕು ನೀರು. ಇವತ್ತ ಸೆಕಿ ಭಾಳ ಐತಿ, ಜಳಕಾ ಆದಂಗ ಆಗತೈತಿ.”

ಖಂಡೆಪ್ಪ ನೀರು ಹಾಕುವನು. ಇವನು ಕಣ್ಣು ಅರೆಮುಚ್ಚಿ ನಿಲ್ಲುವನು. ನೀರು ಹೊಟ್ಟೆಯ ಕೂದಲಿನಿಂದ ತೊಟ್ಟಿಕ್ಕುವುದು ನಿಲ್ಲುವ ತನಕ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಖಂಡೆಪ್ಪ ಖಾಲಿ ಕೊಡ ಹೊತ್ತು ಹೋಗುವನು. ಯಲ್ಲಕ್ಕ ಒಮ್ಮೆಯೂ ಬರಲಿಲ್ಲ. ಆ ದಿನಗಳಲ್ಲಿ ಕುಡಗೋಲ್ಯಾ ಬಾಗಿಲ ಕಡೆ ಎರಡೆರಡು ಸಲ ನೋಡಿ, “ಅವ್ವ ಬಂದಿಲ್ಲ?” ಎಂದು ಕೇಳುತ್ತಿದ್ದ. ಕೇಳಿದ್ದು ಯಾರಿಗೂ ತಿಳಿಯದ ಹಾಗೆ ಕೂಡಲೇ ಕೆಮ್ಮುತ್ತಿದ್ದ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂತು. ಕೊಂಡವಾಡದ ಹಲಗೆಯ ಮೇಲಿನ ಮರಾಠಿ ಅಕ್ಷರ ಅಳಿಸಿ ಕನ್ನಡದಲ್ಲಿ ಬರೆದರು. ಅದರ ಮರುವರ್ಷದ ಮಳೆಗಾಲದಲ್ಲಿ ಗುಂಡ್ಯಾ ಅಳುಮೋರೆ ಮಾಡಿಕೊಂಡು ಒಳಗೆ ಬಂದ. ಮಾಯಪ್ಪನ ಬಾವಿಗೆ ನೀರು ಬಿದ್ದಿತ್ತಂತೆ. ನೀರು ಬಿದ್ದರೆ ಟಗರು ಕೊಡುತ್ತೇನೆಂದು ಮಾಯಪ್ಪ ಬೇಡಿಕೊಂಡಿದ್ದನಂತೆ.

“ಅಣ್ಣಾ, ನನಗೂ ಕಲಸು. ನಾ ಒಂದ ಹನಿ ಬಿದ್ರೂ ಜಾಡಸ್ತೇನಿ.”

ಈ ವಿದ್ಯೆಯನ್ನು ಕುಡಗೋಲ್ಯಾ ಯಾರಿಗೂ ಮಾರಿರಲಿಲ್ಲ. ಕಡೆಗೆ ಒಪ್ಪಿದ. ಮಧ್ಯಾಹ್ನ ಎಲ್ಲರೂ ತೂಕಡಿಸುವಾಗ ಗುಂಡ್ಯಾನನ್ನು ಸಂದಿಯ ಹತ್ತಿರ ನಿಲ್ಲಿಸಿಕೊಂಡ. ಕತ್ತೆ ದೋಣಿಯಲ್ಲಿ ಬಾಲ ಅದ್ದಿ ತಂದು ಟಗರಿನ ಬೆನ್ನ ಮೇಲೆ ಫಟ್ಟನೆ ಬೀಸುತ್ತಿದ್ದಳು. ಗುಂಡ್ಯಾ ಜಾಡಿಸುತ್ತಿದ್ದ. ಮತ್ತೆ ಬೀಸುತ್ತಿದ್ದಳು, ಮತ್ತೆ ಜಾಡಿಸುತ್ತಿದ್ದ.

“ಹೋದಿ! ನಿನ್ನ ಕಡದ್ರು. ಹುಳಿ ಮಾಡಿದ್ರು. ಉಂಡ್ರು,” ಎನ್ನುತ್ತಿದ್ದಳು ಕತ್ತೆ.

“ನೀ ಸುಮ್ಮಿರು,” ಎಂದು ಕುಡಗೋಲ್ಯಾ ಗದರುತ್ತಿದ್ದ. “ಗುಂಡ್ಯಾ, ನೀರ ಬೀಳೂಮುಂದ ಉಸರ ಹಿಡಿಬ್ಯಾಡ. ಹಿಡಿದ್ರ ಮೈ ಗಟ್ಟಿ ಆಗತೈತಿ, ಗಟ್ಟಿ ಆದದ್ದು ನಡಗತೈತಿ. ಉಸರ ಬಿಡು. ಈ ಬೆನ್ನು ನಂದಲ್ಲ, ಬಾಜೂ ನಿಂತಾವಂದು ಅನಕೊ.”

ಹನ್ನೆರಡು ಮಧ್ಯಾಹ್ನ ಬೇಕಾಯಿತು; ನಡುವೆ ಬಂದ ಲಿಲಾವಿನಲ್ಲಿ ಗುಂಡ್ಯಾ ಕುಂಟಿ ಕೆಮ್ಮಿ ಉಳಿದುಕೊಂಡ. ಹದಿಮೂರನೆಯ ದಿನ ಕತ್ತೆ ಬಾಲ ಬೀಸಿದಳು, ಗುಂಡ್ಯಾ ಅಲ್ಲಾಡಲಿಲ್ಲ. ಕತ್ತೆ ನೆರಳಿಗೆ ಹೋದ ಮೇಲೆ ಟಗರು ಕೇಳಿತು. “ಅಣ್ಣಾ, ನಿನಗ ಎಂದೂ ಜಾಡಸಬೇಕು ಅನ್ನಿಸಿಲ್ಲ?”

ನಾನು ಒಲೆಯ ಮುಂದೆ ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕೇರುವುದನ್ನು ನಿಲ್ಲಿಸಿದೆ.

“ಬೆನ್ನ ಮ್ಯಾಲೆ ಹೊಳಿ ಸುರವಿದ್ರೂ ಅಲ್ಲಾಡಂಗಿಲ್ಲ,” ಎಂದ ಕುಡಗೋಲ್ಯಾ. ದನಿ ಇನ್ನೂ ತಗ್ಗಿತು. “ಎಡಗಿವಿ ಒಂದ ನನ್ನ ಮಾತ ಕೇಳಂಗಿಲ್ಲ. ಮರಿ ಇದ್ದಾಗ ಅದಕ್ಕ ಗುರ್ತಿನ ಕಚ್ಚು ಹಾಕಿದ್ರು. ಕೀವು ಆತು. ಅವ್ವ ದಿನಾ ಎಣ್ಣಿ ಬಿಟ್ಟು ಬಾಯಿಲೆ ಊದತಿದ್ಲು. ಈಗೂ ಆ ಕಿವಿಯಾಗ ಗಾಳಿ ಹೊಕ್ಕರ ಸಾಕು, ಮೈಯೆಲ್ಲಾ ಜಾಡಸತೈತಿ. ಅದಕ್ಕ ಗ್ವಾಡಿಗೆ ಹಚ್ಚಿ ಕುಂದರತೇನಿ. ನಿನಗೊಬ್ಬಗ ಹೇಳೇನಿ.”

“ನನ್ನ ನಾಲಗಿ ಹರದ ಬಿದ್ರೂ ಹೇಳಂಗಿಲ್ಲ ಅಣ್ಣಾ.”

ಇಷ್ಟು ವರ್ಷ ಬರೀ ಲೆಕ್ಕದ ಮಾತಾಡಿದವನ ಬಾಯಲ್ಲಿ ಇದನ್ನು ಕೇಳಿ ನನ್ನ ಕಣ್ಣಿಗೆ ನೀರು ಬಂತು. ನಮ್ಮವರಿಗೂ ಹೇಳಲಿಲ್ಲ. ಆಗ ನನ್ನ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಆ ವರ್ಷ ದೀಪಾವಳಿ ಆದ ಮೇಲೆ ಖಂಡೆಪ್ಪನ ಜೊತೆ ಯಲ್ಲಕ್ಕನೂ ಬಂದಳು. ಚಕ್ಕಡಿಯಲ್ಲಿ ಮಲಗಿಸಿಕೊಂಡು ಕರೆತಂದಿದ್ದರು. ಕಾಲು ಮತ್ತೆ ಬಾತಿತ್ತು. ಹರಕೆ ತೀರದ್ದಕ್ಕೇ ಹೀಗೆ ಎಂದು ಹಟ್ಟಿಯವರೆಲ್ಲ ಹೇಳಿದ್ದರು. ನೀರು ಹಾಕುವುದು ಮರುದಿನ ಮುಂಜಾನೆ. ಅಂದು ನಮ್ಮ ಮನೆಯಲ್ಲೇ ಇಳಿದರು. ಗಂಡಸರು ಕಟ್ಟೆಗೆ ಹೋದರು. ಯಲ್ಲಕ್ಕ ಒಲೆಯ ಮುಂದೆ ಕಾಲು ಚಾಚಿ ಕೂತಳು. ನಾನು ಬಿಸಿ ರೊಟ್ಟಿ, ಝುಣಕ ಹಾಕಿದೆ.

“ಇಂದ್ರವ್ವಾ, ನನ್ನ ಹೋತಾ ಹೆಂಗದಾನು?”

“ಆರಾಮ ಅದಾನ ಯಕ್ಕಾ. ಎಲ್ಲಾರ ಮ್ಯಾಲೂ ದೊಡ್ಡಸ್ತಿಕಿ ಮಾಡ್ಕೊಂಡ ಅದಾನ.”

ಅವಳು ನಕ್ಕಳು. ಬೆರಳು ಎತ್ತಿ ತೋರಿಸಿದಳು. “ಈ ಬಳ್ಳ ಚೀಪಿ ಬೆಳದಾನ. ಹಲ್ಲ ಬಂದ ದಿನ ಕಚ್ಚಿದ ನೋಡು, ಇನ್ನೂ ಕಲಿ ಐತಿ. ನಾ ಯಾಕ ಇಷ್ಟ ವರ್ಷಾ ಬರಲಿಲ್ಲ ಹೇಳು? ಮಾರಿ ಹೆಂಗ ತೋರಸ್ಲಿ? ನನ್ನ ಜೀವಕ್ಕ ಅವನ ಜೀವಾ ಇಟ್ಟಾರ. ಅಂವ ನನ್ನ ಮರತಿರಬೇಕು. ಮರತರ ಚಲೋ.”

ಆ ಹೆಣ್ಣುಮಗಳ ಮೋರೆ ನೋಡಿ ಅವಳ ಹತ್ತಿರ ಸರಿದು ಕೂತೆ. ಜನ್ಮದಲ್ಲಿ ಕೇಳಿದ್ದೇ ಹೆಚ್ಚು, ಹೇಳಿದ್ದು ಕಡಿಮೆ ನಾನು. ಅಂದು ಹೇಳಿಬಿಟ್ಟೆ.

“ಮರಿಯೂದು ಎಲ್ಲಿ ಬಂತು ಯಕ್ಕಾ! ನೀ ಎಡಗಿವಿಯಾಗ ಊದತಿದ್ದೆಲ್ಲ, ಈಗೂ ಆ ಕಿವಿಯಾಗ ಗಾಳಿ ಹೊಕ್ಕರ ಮೈಯೆಲ್ಲಾ ಜಾಡಸತೈತಂತ. ನಿನ್ನ ಉಸರು ಇನ್ನೂ ಅವನ ಕಿವ್ಯಾಗ ಐತಿ.”

ಯಲ್ಲಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು.

“ಈಗೂ?”

“ಈಗೂ. ಅದಕ್ಕ ಗ್ವಾಡಿಗೆ ಆ ಕಿವಿ ಹಚ್ಚೇ ಕುಂದರತಾನ.”

ಅವಳು ಮುರಿದ ತುಣುಕನ್ನು ಝುಣಕದಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ತಾಯಿಗೆ ಮಗನ ಸುದ್ದಿ ಮುಟ್ಟಿಸಿದೆ ಎಂಬ ಸಮಾಧಾನದಲ್ಲಿ ನಾನು ಇನ್ನೊಂದು ರೊಟ್ಟಿ ಹಾಕಿದೆ. ಅಂದು ಕುಡಗೋಲ್ಯಾ ಗೋಡೆಯ ಹತ್ತಿರ ಇರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ. ಆ ವಾರ ಮತ್ತೆ ಒಳಗೆ ಬಂದಿದ್ದ ಗುಂಡ್ಯಾನನ್ನು ಬಿಡಿಸಿಕೊಂಡು ಹೋಗಲು ಅಲ್ಲಿಗೆ ಮಾಯಪ್ಪ ಬಂದಿದ್ದ. ಬೀಳ್ಕೊಡಲು ಹೋಗಿದ್ದ ಅವನು, ನನ್ನ ಮಾತು ಕೇಳಲಿಲ್ಲ.

ಮುಂಜಾನೆ ಊರವರು ಗೋಡೆಯ ಸುತ್ತ ಕೂಡಿದರು. ನೀರಿನ ಕೊಡ ಮುತ್ತೈದೆಯ ಕೈಯಿಂದ ಬರಬೇಕು. ಆ ಸಲ ನಮ್ಮ ಮನೆಯ ಕೊಡ, ನಾನೇ ಹೊತ್ತು ಒಳಗೆ ಹೋದೆ. ಖಂಡೆಪ್ಪ ಅರಿಷಿಣ ಹಚ್ಚಿದ.

“ಕಾಕಾ, ಇನ್ನೊಂದ ವರ್ಷಾ ನಡಿಯೂ ಶಕ್ತಿ ಐತೇನ ಕಾಲಾಗ?” ಎಂದು ಕುಡಗೋಲ್ಯಾ ಚೇಷ್ಟೆ ಮಾಡಿದ.

ಆಗ ಹಿಂದಿನಿಂದ ಯಲ್ಲಕ್ಕ ಕೋಲೂರಿಕೊಂಡು ಬಂದಳು. ಅವಳನ್ನು ಕಂಡು ಹೋತದ ಬಾಯಿ ಅರ್ಧಕ್ಕೇ ನಿಂತಿತು. “ಅವ್ವಾ,” ಎಂದ. ಯಜಮಾನನ ದನಿಯಲ್ಲ ಅದು, ಮರಿಯ ದನಿ.

ಅವಳು ಅವನ ಕೊರಳು ಸವರಿದಳು. ಸವರುತ್ತ ಬಲಗಡೆಯಿಂದ ಎಡಗಡೆಗೆ ಬಂದಳು. ಅವನಿಗೂ ಗೋಡೆಗೂ ನಡುವೆ ಬಂದು ನಿಂತಳು. ಬಾಗಿದಳು. ತುಟಿ ಕೂಡಿಸಿದಳು.

ಕುಡಗೋಲ್ಯಾ ಆ ತುಟಿ ನೋಡಿದ. ಆಮೇಲೆ ಗುಂಡ್ಯಾ ಇರುತ್ತಿದ್ದ ಖಾಲಿ ಜಾಗ ನೋಡಿದ. ಕತ್ತೆಯನ್ನು ಕೇಳಿದ. “ನಿನ್ನಿ ಮಾಯಪ್ಪ, ಖಂಡೆಪ್ಪ ಮಾತಾಡಿದ್ರೇನ?”

“ಹೂಂ ಅಣ್ಣಾ. ಬಾಗಲದಾಗ ನಿಂತು ತಂಬಾಕ ತಿಂದ್ರು. ನಕ್ಕೋತ ಮಾತಾಡಿದ್ರು.”

“ಹಂಗಾರ ಗುಂಡ್ಯಾ ನನ್ನ ಕೊಟ್ಟು ತಾ ಬಿಡಿಸ್ಕೊಂಡು ಹೋದ,” ಎಂದ.

ಅವನ ಲೆಕ್ಕ ಸರಿಯಾಗಿಯೇ ಕೂಡಿತ್ತು. ಒಬ್ಬನಿಗೆ ಹೇಳಿದ್ದ, ಆ ಒಬ್ಬ ನಿನ್ನೆ ಹೊರಗೆ ಹೋದ, ಇಂದು ಗುಟ್ಟು ಹೊರಬಿತ್ತು. ಗೋಡೆಯ ಈಚೆಗೆ ಒಬ್ಬಳಿದ್ದಾಳೆ ಎನ್ನುವುದೊಂದು ಲೆಕ್ಕಕ್ಕೆ ಬಂದಿರಲಿಲ್ಲ. ನಾನು ಕೊಡ ಹಿಡಿದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವನಲ್ಲ, ನಾನು ಎಂಬ ಎರಡು ಮಾತು ಗಂಟಲಿನ ತನಕ ಬಂದವು. ಊರೆಲ್ಲ ನೋಡುತ್ತಿತ್ತು. ನಮ್ಮವರು ನೋಡುತ್ತಿದ್ದರು. ಮಾತು ಅಲ್ಲೇ ಉಳಿಯಿತು.

ಯಲ್ಲಕ್ಕ ಉಸಿರು ಎಳೆದುಕೊಂಡಳು.

“ತಡಿ ಅವ್ವಾ. ಊದಬ್ಯಾಡ,” ಎಂದ ಕುಡಗೋಲ್ಯಾ. “ನೀ ಊದಿ ನಾ ಹೋದೆ ಅಂತ ಆಗೂದು ಬ್ಯಾಡ. ಕಾಕಾ, ನೀರ ಹಾಕು.”

ಖಂಡೆಪ್ಪ ನನ್ನ ಕೈಯಿಂದ ಕೊಡ ತೆಗೆದುಕೊಂಡು ಸುರಿದ. ಹೋತ ತಲೆಯಿಂದ ಬಾಲದ ತುದಿಯ ತನಕ, ಒಂದು ಸಲ, ತಾನಾಗಿ ಜಾಡಿಸಿತು. ನೀರು ನನ್ನ ಸೀರೆಗೂ ಸಿಡಿಯಿತು. ಒಪ್ಪಿತೋ, ಒಪ್ಪಿತೋ ಎಂದು ಮಂದಿ ಕೂಗಿದರು. ಯಲ್ಲಕ್ಕ ನೆಲಕ್ಕೆ ಕುಸಿದು ಕೂತು ಅವನ ಕಾಲು ಹಿಡಿದುಕೊಂಡಳು. ಅವನು ಕಾಲು ಬಿಡಿಸಿಕೊಳ್ಳಲಿಲ್ಲ, ಅವಳ ಕಡೆ ನೋಡಲೂ ಇಲ್ಲ.

ಹಗ್ಗ ಹಾಕಿದ ಮೇಲೆ ಅವನು ತನ್ನ ಮಂದಿಗೆ ಕಡೆಯ ಅಪ್ಪಣೆ ಕೊಟ್ಟ. “ಆ ಟಗರು ಮತ್ತ ಒಳಗ ಬಂದ್ರ ದೋಣಿಗೆ ಬಾಯಿ ಹಚ್ಚಾಕ ಬಿಡಬ್ಯಾಡ್ರಿ. ಇಂದ ಇದ್ದವರು ನಾಳೆ ಬರೂವರಿಗೆ ಹೇಳ್ರಿ.” ಬಾಗಿಲು ದಾಟುವಾಗ ನನ್ನ ಮುಂದೆ ನಿಂತ. “ಇಂದ್ರವ್ವಾ, ನೀ ಚಲೋ ಹೆಣಮಗಳು. ಇದು ನಡೀತೈತಿಲ್ಲೊ ನೋಡತಿರು.” ನಾನು ತಲೆ ಅಲ್ಲಾಡಿಸಿದೆ.

ಯಲ್ಲಕ್ಕನ ಕಾಲಬಾವು ಇಳಿಯಿತೆಂದು ಆಮೇಲೆ ಕೇಳಿದೆ. ಬೆರಳಿನ ಮೇಲಿನ ಕಲೆ ಸೆರಗಿನಲ್ಲಿ ಮುಚ್ಚಿಕೊಂಡು ಅಡ್ಡಾಡುತ್ತಾಳೆಂದೂ ಕೇಳಿದೆ.

ಬೇಸಿಗೆಯಲ್ಲಿ ಗುಂಡ್ಯಾ ಬಂದ. ಈ ಸಲ ಅವನು ಯಾರ ಬೆಳೆಯನ್ನೂ ತಿಂದಿರಲಿಲ್ಲ, ಅರಭಾವಿಯಿಂದ ಓಡಿ ಬಂದು ಬಾಗಿಲಿಗೆ ಹಣೆ ಕುಟ್ಟಿದ. “ಅಣ್ಣಾ! ನೀರ ಹಾಕಿದ್ರು! ಎರಡ ಕೊಡಾ! ನಾ ನಿಂತೆ! ಉಸರ ಬಿಟ್ಟು ನಿಂತೆ!”

ನಮ್ಮವರು ಬಾಗಿಲು ತೆರೆದರು. ಗೋಡೆಯ ಹತ್ತಿರದ ಜಾಗ ಖಾಲಿ ಇತ್ತು. ಕತ್ತೆ ಎಲ್ಲ ಹೇಳಿದಳು. ಹೇಳಿ, ದೋಣಿಗೆ ಅಡ್ಡ ನಿಂತಳು. ಉಳಿದವರೂ ನಿಂತರು. ಅವರಲ್ಲಿ ಕುಡಗೋಲ್ಯಾನನ್ನು ಕಣ್ಣಿಂದ ಕಂಡವರು ಇಬ್ಬರೋ ಮೂವರೋ. ಗುಂಡ್ಯಾ ಆ ಹಣೆಯಿಂದ ಎಲ್ಲರನ್ನೂ ಗುದ್ದಿ ನೀರು ಕುಡಿಯಬಹುದಿತ್ತು. ಗುದ್ದಲಿಲ್ಲ. “ನಾ ಹೇಳಿಲ್ಲ,” ಎಂದ. ಅಷ್ಟೇ ಹೇಳುತ್ತ ಎರಡು ದಿನ ಬಿಸಿಲಲ್ಲಿ ನಿಂತ. ನಾಲಿಗೆ ಹೊರಬಿತ್ತು.

ಮೂರನೆಯ ದಿನ ನನಗೆ ರೊಟ್ಟಿ ತಟ್ಟಲು ಆಗಲಿಲ್ಲ. ಕೊಂಡವಾಡದ ಒಳಗೆ ಹೋಗಿ ನಡುವೆ ನಿಂತೆ.

“ಗುಂಡ್ಯಾ ಹೇಳಿಲ್ಲ. ಯಲ್ಲಕ್ಕಗ ಹೇಳಿದಾಕಿ ನಾನು. ಈ ಗ್ವಾಡಿ ಸಂದ್ಯಾಗಿಂದ ಕೇಳಿ ನಾನ ಹೇಳೀನಿ.”

ಎಲ್ಲರೂ ನನ್ನ ಕಡೆ ನೋಡಿದರು. ಕತ್ತೆ ಕಿವಿ ಹಿಂದೆ ಮಾಡಿದಳು.

“ಟಗರಿನ ಮ್ಯಾಲೆ ಕನಿಕರ ಬಂದು ಅಂತಿರಬೇಕು. ಬಾಯಿ ಮಾತು ನಾವು ನಂಬೂ ಹಂಗಿಲ್ಲ, ಇಂದ್ರವ್ವಾ. ನೀವ ಮಾಡಿದ ಪದ್ಧತಿ. ನೀರ ಹಾಕ್ಕೊ. ಮೈ ಜಾಡಿಸಿದ್ರ ಖರೆ.”

ಬಿಸಿಲಿಗೆ ದೋಣಿಯ ನೀರು ಕಾದಿತ್ತು. ಅದೇ ಕೊಡದಲ್ಲಿ ತುಂಬಿ ತಲೆಯ ಮೇಲೆ ಸುರುವಿಕೊಂಡೆ. ಬೆಚ್ಚನೆಯ ನೀರು ಹೆಗಲ ಮೇಲಿಂದ, ಬೆನ್ನ ಮೇಲಿಂದ ಹಾಯಾಗಿ ಇಳಿಯಿತು. ನಡುಗು ಎಂದು ಮೈಗೆ ಹೇಳಿಕೊಂಡೆ. ಒಂದು ಕೂದಲೂ ನಡುಗಲಿಲ್ಲ. ಇನ್ನೊಂದು ಕೊಡ ಸುರುವಿಕೊಂಡೆ. ಸೀರೆಯಿಂದ ನೀರು ತೊಟ್ಟಿಕ್ಕುವುದು ನಿಲ್ಲುವ ತನಕ ಯಾರೂ ಮಾತಾಡಲಿಲ್ಲ.

“ಒಪ್ಪಿಲ್ಲ,” ಎಂದಳು ಕತ್ತೆ. ಎಲ್ಲರೂ ಮೆಲುಕು ಹಾಕತೊಡಗಿದರು. ದೋಣಿಯ ಮುಂದಿನ ಸಾಲು ಸರಿಯಲಿಲ್ಲ.

ನಾನು ಮನೆಯಿಂದ ಬೋಗುಣಿಯಲ್ಲಿ ನೀರು ತಂದು ಗುಂಡ್ಯಾನ ಮುಂದೆ ಹಿಡಿದೆ. ಕುಡಗೋಲ್ಯಾ ತಡೆದದ್ದು ದೋಣಿಯ ನೀರನ್ನು, ನನ್ನ ಬೋಗುಣಿಯನ್ನಲ್ಲ. ಕುಡಿದ. ತಳದ ತನಕ ಕುಡಿದು ಬಾಯಿ ಎತ್ತಿದ. ಮೂತಿಯಿಂದ ಹನಿ ಬೀಳುತ್ತಿತ್ತು.

“ಇಷ್ಟ ಮಂದಿಗೆ ಹೇಳಿ ಏನ್ ಮಾಡ್ತಿ ಯವ್ವಾ?” ಎಂದ. “ಅವತ್ತ ಅವಂಗ ಹೇಳಬೇಕಿತ್ತು.”

ಆಮೇಲೆ ಗೋಡೆಯ ಹತ್ತಿರ ಹೋಗಿ, ಕುಡಗೋಲ್ಯಾನ ಜಾಗದಲ್ಲಿ, ಎಡ ಮಗ್ಗುಲು ಗೋಡೆಗೆ ಹಚ್ಚಿ ಕೂತ. ಮಾಯಪ್ಪ ಬಂದು ಬಿಡಿಸಿಕೊಳ್ಳುವ ತನಕ ಆರು ದಿನ ನಾನು ಬೋಗುಣಿ ಹಿಡಿದೆ, ಅವನು ಕುಡಿದ. ಸಂದಿಯಿಂದ ಅವನ ಉಸಿರು ಕೇಳುತ್ತಿತ್ತು. ಮಾತು ಮಾತ್ರ ಒಂದೂ ಕೇಳಲಿಲ್ಲ.